ಸಂವಿಧಾನದ ಪೀಠಿಕೆ ಹಿಡ್ಕೊಂಡು ಕೋರ್ಟಿಗೆ ಹೋಗ್ಬಹುದಾ?

ಪ್ರಶ್ನೆ: ನಮ್ಮ ಪಂಚಾಯತ್ ಆಫೀಸಿನ ಗೋಡೆಯಲ್ಲಿ ಸಂವಿಧಾನದ ಪೀಠಿಕೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಅದೇ ಪಂಚಾಯತಿನವರು ನಮ್ಮ ಓಣಿಯ ಕೆಲವು ಬಾಡಿಗೆ ಮನೆಗಳಿಗೆ ನಳ್ಳಿ ಕನೆಕ್ಷನ್ ಕೊಡ್ತಾ ಇಲ್ಲ, ಕೇಳಿದ್ರೆ ನೀವೆಲ್ಲ ಹೊರಗಿಂದ ಬಂದವರು ಅಂತ ಬಾಯಲ್ಲಿ ಹೇಳಿ ಕಳಿಸ್ತಾರೆ. ಪೀಠಿಕೆಯಲ್ಲಿ ಸಮಾನತೆ, ಬಂಧುತ್ವ ಅಂತೆಲ್ಲ ಉಂಟಲ್ಲ, ಅದು ಉಲ್ಲಂಘನೆ ಆಗಿದೆ ಅಂತ ಹೈಕೋರ್ಟಿಗೆ ಹೋಗ್ಬಹುದಾ? ನನ್ನ ಫ್ರೆಂಡ್ ಒಬ್ಬ ಹೇಳ್ತಾನೆ ಪೀಠಿಕೆ ಸಂವಿಧಾನದ ಭಾಗವೇ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ, ಮೇಲಿಂದ ಎಮರ್ಜೆನ್ಸಿ ಟೈಮಲ್ಲಿ ಅದಕ್ಕೆ ಶಬ್ದ ಸೇರಿಸಿದ್ದು ಕೂಡ ಕಾನೂನು ಪ್ರಕಾರ ಸರಿ ಅಲ್ಲ ಅಂತೆ. ಹೌದಾ? ದಯವಿಟ್ಟು ವಿವರವಾಗಿ ಹೇಳಿ. (ಉಡುಪಿ ಜಿಲ್ಲೆಯ ಒಬ್ಬರು ಓದುಗರು)

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡ್ತೇನೆ, ಆಮೇಲೆ ಕಾರಣ ನೋಡುವ. ಪೀಠಿಕೆ ಸಂವಿಧಾನದ ಭಾಗ ಹೌದು, 1973ರಿಂದ ಅದರಲ್ಲಿ ಡೌಟೇ ಇಲ್ಲ. ಎಮರ್ಜೆನ್ಸಿಯಲ್ಲಿ ಸೇರಿಸಿದ ಶಬ್ದಗಳನ್ನು ತೆಗೀಬೇಕು ಅಂತ ಹಾಕಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರಲ್ಲಿ ವಜಾ ಮಾಡಿ ಆಗಿದೆ. ಆದ್ರೆ ಬರೀ ಪೀಠಿಕೆ ಒಂದನ್ನೇ ಹಿಡ್ಕೊಂಡು ಹೋದ್ರೆ ನಿಮ್ಮ ಕೇಸ್ ನಿಲ್ಲುದಿಲ್ಲ, ಜೊತೆಗೆ ಒಂದು ವಿಧಿ ಬೇಕೇ ಬೇಕು. ನಿಮ್ಮ ವಿಷಯದಲ್ಲಿ ಅಂಥ ವಿಧಿ ಒಂದಲ್ಲ, ನಾಲ್ಕು ಉಂಟು.

ನಿಮ್ಮ ಫ್ರೆಂಡ್ ಸುಳ್ಳು ಹೇಳಿದ್ದಲ್ಲ, ಅವರು ಹೇಳುದು ಹಳೇ ಕಥೆ ಅಷ್ಟೆ. ದೇಶ ವಿಭಜನೆ ಆದಾಗ ಬಂಗಾಳದ ಜಲ್ಪಾಯ್ಗುರಿ ಜಿಲ್ಲೆಯ ಬೇರುಬಾರಿ ಅನ್ನುವ ಸಣ್ಣ ಜಾಗ ಭಾರತಕ್ಕೆ ಬಂದಿತ್ತು, ಪಾಕಿಸ್ತಾನ ಅದು ನಮ್ಮದು ಅಂತ ತಕರಾರು ತೆಗೀತು, ಕೊನೆಗೆ 1958ರಲ್ಲಿ ನೆಹರೂ ಮತ್ತೆ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಸೇರಿ ಅರ್ಧ ಅರ್ಧ ಮಾಡುವ ಅಂತ ಒಪ್ಪಂದ ಮಾಡಿದ್ರು. ಅಲ್ಲಿನ ಜನ ಎದ್ದು ನಿಂತ್ರು. ಹಾಗೆ ದೇಶದ ಜಾಗ ಬೇರೆ ದೇಶಕ್ಕೆ ಕೊಡ್ಲಿಕ್ಕೆ ಆಗ್ತದಾ ಅಂತ ರಾಷ್ಟ್ರಪತಿಗಳು 1959ರಲ್ಲಿ 143ನೇ ವಿಧಿ ಅಡಿಯಲ್ಲಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದ್ರು. ಪೀಠಿಕೆಯಲ್ಲಿ ಭಾರತ ಸಾರ್ವಭೌಮ ಗಣರಾಜ್ಯ ಅಂತ ಬರೆದಿರುವಾಗ ಒಂದಿಂಚು ಭೂಮಿ ಕೂಡ ಬಿಟ್ಟುಕೊಡುವ ಹಾಗಿಲ್ಲ ಅನ್ನುದು ಅಲ್ಲಿ ಬಂದ ಒಂದು ವಾದ. ಎಂಟು ಜನ ಜಡ್ಜ್‌ಗಳ ಪರವಾಗಿ ಜಸ್ಟಿಸ್ ಗಜೇಂದ್ರಗಡ್ಕರ್ 1960ರಲ್ಲಿ ಬರೆದ ಅಭಿಪ್ರಾಯದಲ್ಲಿ ಪೀಠಿಕೆ ಅನ್ನುದು ಸಂವಿಧಾನ ಬರೆದವರ ಮನಸ್ಸು ತೆರೆಯುವ ಕೀಲಿಕೈ ಹೌದು, ಆದ್ರೆ ಅದು ಸಂವಿಧಾನದ ಭಾಗ ಅಲ್ಲ, ಅದರಿಂದ ಸರ್ಕಾರಕ್ಕೆ ಯಾವ ಅಧಿಕಾರವೂ ಸಿಗುದಿಲ್ಲ, ಇರುವ ಅಧಿಕಾರಕ್ಕೆ ತಡೆಯೂ ಬರುದಿಲ್ಲ ಅಂತ ಹೇಳಿದ್ರು. ಭೂಮಿ ಕೊಡ್ಲಿಕ್ಕೆ ಸಂವಿಧಾನ ತಿದ್ದುಪಡಿ ಬೇಕು ಅಂತ ಕೂಡ ಹೇಳಿದ್ರು, ಅದಕ್ಕಾಗಿಯೇ 9ನೇ ತಿದ್ದುಪಡಿ ಬಂದದ್ದು. (ಇಷ್ಟೆಲ್ಲ ಆಗಿ ಬೇರುಬಾರಿ ಪಾಕಿಸ್ತಾನಕ್ಕೆ ಹೋಗಲೇ ಇಲ್ಲ, 1974ರಲ್ಲಿ ಬಾಂಗ್ಲಾದೇಶದ ಜೊತೆ ಒಪ್ಪಂದ ಆಗುವಾಗ ಅದನ್ನು ಭಾರತವೇ ಇಟ್ಕೊಳ್ಳುದು ಅಂತ ಆಯ್ತು, ಅದು ಬೇರೆ ವಿಷಯ.)

ಈ ಬೇರುಬಾರಿ ಅಭಿಪ್ರಾಯದಲ್ಲಿ ಒಂದು ದೊಡ್ಡ ಸಂಗತಿ ತಪ್ಪಿಹೋಗಿತ್ತು. ಸಂವಿಧಾನ ಸಭೆಯ ನಡಾವಳಿ ತೆಗೆದು 1949ರ ಅಕ್ಟೋಬರ್ 17ರ ಪುಟ ನೋಡಿದ್ರೆ ಗೊತ್ತಾಗ್ತದೆ. ಆ ದಿನ ಪೀಠಿಕೆ ಚರ್ಚೆಗೆ ಬಂತು, ಅದನ್ನು ಬೇಕಂತಲೇ ಕೊನೆಗೆ ಇಟ್ಟದ್ದು, ವಿಧಿಗಳೆಲ್ಲ ಪಾಸ್ ಆದ ಮೇಲೆ ಪೀಠಿಕೆ ಅದಕ್ಕೆ ಸರಿಯಾಗಿ ಕೂರ್ತದಾ ಅಂತ ನೋಡ್ಲಿಕ್ಕೆ. ಚರ್ಚೆಯಲ್ಲಿ ಎದ್ದು ನಿಂತವರಲ್ಲಿ ಒಬ್ಬರು ಮಂಗಳೂರಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಪೀಠಿಕೆ ದೇವರ ಹೆಸರಿಂದ ಶುರು ಆಗ್ಬೇಕು ಅನ್ನುದು ಅವರ ತಿದ್ದುಪಡಿ. ಕುಂಜ್ರೂ ಅವರಂಥ ಸದಸ್ಯರು ಇದಕ್ಕೆ ಒಪ್ಪಲಿಲ್ಲ, ದೇವರ ವಿಷಯದಲ್ಲಿ ಒಬ್ಬರ ನಂಬಿಕೆಯನ್ನು ಎಲ್ಲರ ಮೇಲೆ ಹೇರಿದ ಹಾಗೆ ಆಗ್ತದೆ, ಅದೇ ಪೀಠಿಕೆಯಲ್ಲಿ ನಂಬಿಕೆಯ ಸ್ವಾತಂತ್ರ್ಯ ಅಂತ ಬರೆದು ಇದನ್ನೂ ಬರೀಲಿಕ್ಕೆ ಹೇಗೆ ಆಗ್ತದೆ ಅಂತ ಕೇಳಿದ್ರು. ದೇವರನ್ನು ವೋಟಿಗೆ ಹಾಕ್ಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡ್ರು ಕೂಡ. ಕಾಮತ್ ಪಟ್ಟು ಬಿಡಲಿಲ್ಲ, ವೋಟ್ ಆಯ್ತು, ಪರವಾಗಿ 41, ವಿರುದ್ಧ 68. ಕಾಮತರಿಗೆ ಎಷ್ಟು ಬೇಜಾರಾಯ್ತು ಅಂದ್ರೆ ಇದು ನಮ್ಮ ಚರಿತ್ರೆಯಲ್ಲಿ ಕಪ್ಪು ದಿನ ಅಂತ ಸಭೆಯಲ್ಲೇ ಹೇಳಿದ್ರು. ನನಗೆ ಈ ವೋಟಿನ ಬಗ್ಗೆ ತುಂಬ ಗೌರವ ಉಂಟು, ಅಲ್ಲಿ ಸೋತವರೂ ಗೆದ್ದವರೂ ಎರಡು ಕಡೆಯವರು ಆ ನಾಲ್ಕು ಸಾಲಿನ ಒಂದೊಂದು ಶಬ್ದಕ್ಕೆ ಅಷ್ಟು ಬೆಲೆ ಕೊಟ್ಟಿದ್ರು.

ಕೋರ್ಟಿಗೆ ಬೇಕಾದ ವಿಷಯ ಇರುದು ಇದರ ನಂತರ. ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಅಧ್ಯಕ್ಷ ರಾಜೇಂದ್ರ ಪ್ರಸಾದರು ಪೀಠಿಕೆ ಸಂವಿಧಾನದ ಭಾಗವಾಗಿ ನಿಲ್ಲಬೇಕು ಅನ್ನುವ ನಿರ್ಣಯವನ್ನು ಸಭೆಯ ಮುಂದೆ ಇಟ್ರು, ಸಭೆ ಅದನ್ನು ಒಪ್ಪಿ ಪಾಸ್ ಮಾಡ್ತು. ಬರೆದವರೇ ಇದು ಭಾಗ ಅಂತ ವೋಟ್ ಹಾಕಿ ಸೇರಿಸಿದ ಮೇಲೆ ಭಾಗ ಅಲ್ಲ ಅಂತ ಹೇಳ್ಲಿಕ್ಕೆ ಎಂತ ಉಳೀತದೆ ಹೇಳಿ? 1960ರಲ್ಲಿ ಈ ನಿರ್ಣಯದ ಕಡೆ ಕೋರ್ಟಿನ ಗಮನ ಹೋಗಿರಲಿಲ್ಲ.

ಆಮೇಲಿನ ಹದಿಮೂರು ವರ್ಷದಲ್ಲಿ ಗಾಳಿ ನಿಧಾನಕ್ಕೆ ತಿರುಗ್ತಾ ಬಂತು. 1965ರ ಸಜ್ಜನ್ ಸಿಂಗ್ ಕೇಸಲ್ಲಿ ಜಸ್ಟಿಸ್ ಮುಧೋಳ್ಕರ್ ಪೀಠಿಕೆಯಲ್ಲಿ ಆಳವಾದ ಆಲೋಚನೆಯ ಮುದ್ರೆ ಉಂಟು, ಸಂವಿಧಾನದ ಮೂಲ ಲಕ್ಷಣಗಳು ಅಂತ ಕೆಲವು ಇರ್ಬಹುದಾ ಅಂತ ಪ್ರಶ್ನೆ ಎತ್ತಿದ್ರು. 1967ರ ಗೋಲಕ್‌ನಾಥ್ ಕೇಸಲ್ಲಿ ಜಸ್ಟಿಸ್ ಹಿದಾಯತುಲ್ಲಾ ಪೀಠಿಕೆಯನ್ನು ಸಂವಿಧಾನದ ಆತ್ಮ ಅಂತ ಕರೆದ್ರು. ಆಮೇಲೆ ಬಂದದ್ದು ಕೇಶವಾನಂದ ಭಾರತಿ.

ಈ ಕೇಸಿನ ಹೆಸರು ದೇಶದ ಎಲ್ಲ ಲಾ ಕಾಲೇಜಲ್ಲಿ ಬಾಯಿಪಾಠ ಮಾಡ್ತಾರೆ, ಆದ್ರೆ ಆ ಸ್ವಾಮೀಜಿ ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದವರು, ಯಕ್ಷಗಾನ ಅಂದ್ರೆ ಜೀವ ಅವರಿಗೆ, ಅದು ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. 1956ರ ವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಕೇರಳದ ಭೂಸುಧಾರಣೆ ಕಾನೂನಲ್ಲಿ ಮಠದ ಜಾಗ ಹೋಗ್ತದೆ ಅಂತ 1970ರಲ್ಲಿ ಹಾಕಿದ ಅರ್ಜಿ ಅದು, ಸ್ವಾಮೀಜಿ ಪರ ವಕೀಲ ನಾನಿ ಪಾಲ್ಖಿವಾಲಾ ವಾದ ಮಾಡಿದ್ದು, ಹದಿಮೂರು ಜಡ್ಜ್‌ಗಳು ಕೂತು 68 ದಿನ ಕೇಳಿ 1973ರ ಏಪ್ರಿಲ್ 24ಕ್ಕೆ ತೀರ್ಪು ಕೊಟ್ರು. ಆ ಹದಿಮೂರರಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನ ಜಸ್ಟಿಸ್ ಕೆ.ಎಸ್. ಹೆಗ್ಡೆ. ಪೀಠಿಕೆ ಸಂವಿಧಾನದ ಭಾಗ, ಇಡೀ ಸಂವಿಧಾನವನ್ನು ಅದರ ಬೆಳಕಲ್ಲೇ ಓದ್ಬೇಕು ಅಂತ ಬಹುಪಾಲು ಜಡ್ಜ್‌ಗಳು ಹೇಳಿದ್ರು, ಬೇರುಬಾರಿಯ ಆ ಮಾತು ಅಲ್ಲಿಗೆ ಮುಗೀತು. ಸಂಸತ್ತು ಸಂವಿಧಾನದ ಯಾವ ಭಾಗವನ್ನೂ ತಿದ್ದಬಹುದು ಆದ್ರೆ ಮೂಲ ರಚನೆಯನ್ನು ಕೆಡವುವ ಹಾಗಿಲ್ಲ ಅನ್ನುವ 7-6ರ ನಿರ್ಧಾರವೂ ಇದೇ ತೀರ್ಪಿನದ್ದು. ಹೆಗ್ಡೆಯವರು ಜಸ್ಟಿಸ್ ಮುಖರ್ಜಿಯಾ ಜೊತೆ ಸೇರಿ ಬರೆದ ತೀರ್ಪಲ್ಲಿ ಮೂಲ ಅಂಶಗಳು ಯಾವುದು ಅಂತ ಹೇಳ್ತಾರೆ: ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ಜನರ ಅಗತ್ಯ ಸ್ವಾತಂತ್ರ್ಯಗಳು, ಕಲ್ಯಾಣ ರಾಜ್ಯ ಕಟ್ಟುವ ಹೊಣೆ. ಈ ಪಟ್ಟಿಯನ್ನು ಪೀಠಿಕೆಯ ಪಕ್ಕ ಇಟ್ಟು ಓದಿ ನೋಡಿ, ಎಲ್ಲಿಂದ ಬಂತು ಅಂತ ನಿಮಗೇ ಕಾಣ್ತದೆ. ಆ ಧೈರ್ಯಕ್ಕೆ ಹೆಗ್ಡೆಯವರು ಬೆಲೆ ಕೊಡ್ಬೇಕಾಯ್ತು, ತೀರ್ಪು ಬಂದ ಮರುದಿನವೇ ಶೆಲಾತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಅವರಿಗಿಂತ ಜೂನಿಯರ್ ಆಗಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡ್ಲಿಕ್ಕೆ ಸರ್ಕಾರ ಹೊರಟಿತು, ಮೂವರೂ ರಾಜೀನಾಮೆ ಕೊಟ್ರು. ಇಂದು ದೇರಳಕಟ್ಟೆಯ ಆಸ್ಪತ್ರೆಯ ಬೋರ್ಡಲ್ಲಿ ಆ ಹೆಸರು ನೋಡುವವರು ಎಷ್ಟೋ ಮಂದಿ, ಅದರ ಹಿಂದೆ ಇಂಥ ಒಂದು ಏಪ್ರಿಲ್ ಉಂಟು ಅಂತ ಎಲ್ಲರಿಗೂ ಗೊತ್ತಾಗ್ಬೇಕು ಅಂತ ನನ್ನ ಆಸೆ.

ಈಗ ಎಮರ್ಜೆನ್ಸಿಯ ಶಬ್ದಗಳು. ಪೀಠಿಕೆ ಸಂವಿಧಾನದ ಭಾಗ ಅಂತ ಆದ ಕೂಡ್ಲೇ ಅದರ ಇನ್ನೊಂದು ಪರಿಣಾಮವೂ ಬರ್ತದೆ, ಭಾಗ ಆದ್ರೆ 368ನೇ ವಿಧಿಯಲ್ಲಿ ಅದನ್ನೂ ತಿದ್ದಬಹುದು. ಹಾಗೆ 1976ರ 42ನೇ ತಿದ್ದುಪಡಿಯಲ್ಲಿ ಸಮಾಜವಾದಿ, ಜಾತ್ಯತೀತ ಅನ್ನುವ ಶಬ್ದಗಳನ್ನು ಸೇರಿಸಿದ್ರು, ದೇಶದ ಏಕತೆ ಅಂತ ಇದ್ದಲ್ಲಿ ಏಕತೆ ಮತ್ತು ಅಖಂಡತೆ ಅಂತ ಮಾಡಿದ್ರು. ವಿರೋಧ ಪಕ್ಷದ ನಾಯಕರು ಜೈಲಲ್ಲಿದ್ದ ಹೊತ್ತಲ್ಲಿ ಹಾಗೆ ಮಾಡಿದ್ದು ಸರಿಯಾ ಅಂತ ಕೇಳುದು ನ್ಯಾಯವಾದ ಪ್ರಶ್ನೆಯೇ. ಆದ್ರೆ ಎಮರ್ಜೆನ್ಸಿ ಮುಗಿದು ಜನತಾ ಸರ್ಕಾರ ಬಂದು 44ನೇ ತಿದ್ದುಪಡಿಯಲ್ಲಿ 42ರ ಎಷ್ಟೋ ವಿಷಯ ತೆಗೆದು ಬಿಸಾಡಿದ್ರೂ ಈ ಶಬ್ದಗಳನ್ನು ಮುಟ್ಟಲಿಲ್ಲ, ಅದನ್ನು ಮರೀಬಾರ್ದು. 2020ರಿಂದ ಇದರ ವಿರುದ್ಧ ಅರ್ಜಿ ಹಾಕಿದವರ ಮುಖ್ಯ ವಾದ ಪೀಠಿಕೆಯಲ್ಲಿ 1949ರ ನವೆಂಬರ್ 26 ಅಂತ ತಾರೀಕು ಉಂಟಲ್ಲ, ಆ ತಾರೀಕಿನ ಮೇಲೆ ಆವತ್ತು ಇಲ್ಲದ ಶಬ್ದ ಹೇಗೆ ಸೇರಿಸ್ತೀರಿ ಅನ್ನುದು. ಕೇಳ್ಲಿಕ್ಕೆ ಗಟ್ಟಿ ವಾದವೇ. ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತೆ ಜಸ್ಟಿಸ್ ಸಂಜಯ್ ಕುಮಾರ್ 2024ರ ನವೆಂಬರ್ 25ಕ್ಕೆ ಬಲರಾಮ್ ಸಿಂಗ್ ಕೇಸಲ್ಲಿ ಇದಕ್ಕೆ ಕೊಟ್ಟ ಉತ್ತರ, ಆ ತಾರೀಕು ಇಡೀ ಸಂವಿಧಾನ ಒಪ್ಪಿಕೊಂಡ ತಾರೀಕು, ತಾರೀಕು ಅಡ್ಡಿ ಅಂತ ಒಪ್ಪಿದ್ರೆ ಉಳಿದ ಯಾವ ವಿಧಿಯನ್ನೂ ತಿದ್ದಲಿಕ್ಕೆ ಆಗುದಿಲ್ಲ. ಅಷ್ಟು ವರ್ಷ ಸುಮ್ಮನೆ ಇದ್ದು ಈಗ ಬಂದದ್ದು ಯಾಕೆ ಅಂತ ಕೂಡ ಕೇಳಿದ್ರು.

ಇನ್ನೊಂದು, ಜಾತ್ಯತೀತ ಅನ್ನುವ ಶಬ್ದ ತೆಗೆದ್ರೆ ದೇಶ ಜಾತ್ಯತೀತ ಅಲ್ಲ ಅಂತ ಆಗುದಿಲ್ಲ. ನಮ್ಮ ಕರ್ನಾಟಕದ್ದೇ ಎಸ್.ಆರ್. ಬೊಮ್ಮಾಯಿ ಕೇಸ್ ನೋಡಿ, 1989ರಲ್ಲಿ ಸದನದಲ್ಲಿ ಬಹುಮತ ತೋರಿಸ್ಲಿಕ್ಕೆ ಅವಕಾಶ ಕೊಡದೆ ಅವರ ಸರ್ಕಾರ ವಜಾ ಮಾಡಿದ್ದು, 1994ರಲ್ಲಿ ಒಂಬತ್ತು ಜಡ್ಜ್‌ಗಳ ಪೀಠ ತೀರ್ಪು ಕೊಟ್ಟದ್ದು. ಜಾತ್ಯತೀತತೆ ಮೂಲ ರಚನೆಯ ಭಾಗ, ಶಬ್ದ ಬರುವ ಮೊದಲೇ ಅದು 14, 15, 25ರಿಂದ 28ರ ವಿಧಿಗಳಲ್ಲಿ ಹಾಸುಹೊಕ್ಕಾಗಿ ಇತ್ತು ಅಂತ ಆ ತೀರ್ಪಲ್ಲಿ ಉಂಟು. ಹಾಗಾಗಿ ಶಬ್ದದ ಮೇಲೆ ಜಗಳ ಆಡುವವರು ಎರಡು ಕಡೆಯವರೂ ವಿಧಿಗಳನ್ನು ಒಮ್ಮೆ ಓದ್ಬೇಕು ಅಂತ ನನ್ನ ಅಭಿಪ್ರಾಯ.

ಹಾಗಾದ್ರೆ ಪೀಠಿಕೆಗೆ ಕೋರ್ಟಲ್ಲಿ ನಿಜವಾದ ಕೆಲಸ ಎಂತ? ಯಕ್ಷಗಾನದ ಶ್ರುತಿ ಪೆಟ್ಟಿಗೆ ಪದ್ಯ ಹಾಡುದಿಲ್ಲ, ಆದ್ರೆ ಭಾಗವತರ ಸ್ವರ ಎಲ್ಲಿ ಜಾರಿತು ಅಂತ ಗೊತ್ತಾಗುದು ಅದರಿಂದಲೇ, ಪೀಠಿಕೆಯೂ ಹಾಗೆ. ಅದು ಯಾರಿಗೂ ನೇರ ಹಕ್ಕು ಕೊಡುದಿಲ್ಲ, ಸರ್ಕಾರಕ್ಕೆ ಹೊಸ ಅಧಿಕಾರ ಕೊಡುದಿಲ್ಲ, ಬೇರುಬಾರಿಯ ಈ ಅರ್ಧ ಮಾತ್ರ ಇವತ್ತಿಗೂ ಸರಿ. ವಿಧಿಯ ಭಾಷೆ ಸ್ಪಷ್ಟ ಇದ್ರೆ ಪೀಠಿಕೆ ತೋರಿಸಿ ಅದನ್ನು ಬದಲಾಯಿಸ್ಲಿಕ್ಕೂ ಆಗುದಿಲ್ಲ. ಪೀಠಿಕೆಯಿಂದ ಸರ್ಕಾರಕ್ಕೆ ಅಧಿಕಾರ ಸಿಗುದಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1905ರಲ್ಲಿ ಸಿಡುಬಿನ ಲಸಿಕೆಯ ಕೇಸಲ್ಲಿ ಹೇಳಿತ್ತು. ಫ್ರಾನ್ಸ್ ಬೇರೆ ದಾರಿ ಹಿಡೀತು, ಅಲ್ಲಿನ ಸಂವಿಧಾನ ಮಂಡಳಿ 1971ರಲ್ಲಿ ಪೀಠಿಕೆಯನ್ನೇ ಆಧಾರ ಮಾಡಿ ಸಂಘಗಳ ಸ್ವಾತಂತ್ರ್ಯಕ್ಕೆ ಅಡ್ಡ ಬರುವ ಕಾನೂನು ಹೊಡೆದು ಹಾಕ್ತು. ನಮ್ಮದು ಎರಡರ ಮಧ್ಯ. ವಿಧಿಯ ಅರ್ಥ ಎರಡು ಮೂರು ಆಗುವ ಜಾಗದಲ್ಲಿ ಯಾವುದನ್ನು ಆರಿಸ್ಬೇಕು ಅಂತ ಪೀಠಿಕೆ ತೋರಿಸ್ತದೆ, ಸಂಸತ್ತು ತಿದ್ದುಪಡಿ ಮಾಡುವಾಗ ಎಲ್ಲಿ ನಿಲ್ಲಬೇಕು ಅನ್ನುದಕ್ಕೂ ಗೆರೆ ಹಾಕ್ಲಿಕ್ಕೆ ಸಹಾಯ ಮಾಡ್ತದೆ.

ಇದು ಬರೀ ತತ್ವ ಅಂತ ತಿಳ್ಕೊಬೇಡಿ. ನಿಮ್ಮ ಮನೆಯಲ್ಲಿ ಕೇಂದ್ರ ಸರ್ಕಾರದ ಪೆನ್ಶನ್ ಬರುವ ಹಿರಿಯರು ಇದ್ರೆ ಡಿ.ಎಸ್. ನಕಾರಾ ಅಂತ ಕೇಳಿ ನೋಡಿ, ಕೂಡ್ಲೇ ಹೇಳ್ತಾರೆ. ಪೆನ್ಶನ್ ಲೆಕ್ಕ ಹಾಕುವ ಹೊಸ ಉದಾರ ಸೂತ್ರ 1979ರ ಮಾರ್ಚ್ 31ಕ್ಕೆ ಅಥವಾ ಆಮೇಲೆ ರಿಟೈರ್ ಆದವರಿಗೆ ಮಾತ್ರ ಅಂತ ಸರ್ಕಾರ ಹೇಳಿತ್ತು, ಅಂದ್ರೆ ಒಂದೇ ಕುರ್ಚಿಯಲ್ಲಿ ಒಂದೇ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬರು ಒಂದು ದಿನ ಮೊದಲು ರಿಟೈರ್ ಆದ ಕಾರಣಕ್ಕೆ ಜೀವನ ಪೂರ್ತಿ ಕಡಿಮೆ ಪೆನ್ಶನ್. 14ನೇ ವಿಧಿ ಸಮಾನತೆ ಅಂತ ಹೇಳ್ತದೆ, ಆದ್ರೆ ಸರ್ಕಾರಕ್ಕೆ ಒಂದು ತಾರೀಕು ಹಾಕುವ ಸ್ವಾತಂತ್ರ್ಯ ಇಲ್ವಾ ಅನ್ನುದು ಪ್ರಶ್ನೆ. ಜಸ್ಟಿಸ್ ಡಿ.ಎ. ದೇಸಾಯಿ ಬರೆದ ತೀರ್ಪಲ್ಲಿ ಆ 14ನೇ ವಿಧಿಯನ್ನು ಪೀಠಿಕೆಯ ಜೊತೆ ಇಟ್ಟು ಓದಿದ್ರು, ಸಮಾಜವಾದಿ ಗಣರಾಜ್ಯ ಅಂದ್ರೆ ದುಡಿಯುವವರಿಗೆ ತೊಟ್ಟಿಲಿಂದ ಚಟ್ಟದ ತನಕ ಭದ್ರತೆ ಅನ್ನುವ ಗುರಿ, ಮುದುಕರನ್ನು ತಾರೀಕಿನ ಲೆಕ್ಕದಲ್ಲಿ ಎರಡು ಭಾಗ ಮಾಡುದು ಅದಕ್ಕೆ ಹೊಂದುದಿಲ್ಲ ಅಂತ ಹೇಳಿ ಆ ತಾರೀಕನ್ನು ತೆಗೆದುಹಾಕಿದ್ರು. ಅದು 1982ರ ಡಿಸೆಂಬರ್ 17, ಇವತ್ತಿಗೂ ಪಿಂಚಣಿದಾರರು ಆ ದಿನ ಆಚರಿಸ್ತಾರೆ. ಕೇಸ್ ಗೆದ್ದದ್ದು 14ನೇ ವಿಧಿಯಲ್ಲಿ, ಆದ್ರೆ ಪೀಠಿಕೆ ಇಲ್ಲದಿದ್ರೆ ಆ ವಿಧಿಗೆ ಅಷ್ಟು ಬಲ ಬರ್ತಿರಲಿಲ್ಲ. ಪೀಠಿಕೆ ಬಳಸುವ ಸರಿಯಾದ ಕ್ರಮ ಇದು.

ಈಗ ನಿಮ್ಮ ನಳ್ಳಿ ವಿಷಯಕ್ಕೆ ಬರುವ. ಗ್ರಾಮ ಪಂಚಾಯತ್ ಸ್ಥಳೀಯ ಸಂಸ್ಥೆ, ಹಾಗಾಗಿ 12ನೇ ವಿಧಿ ಪ್ರಕಾರ ಅದು ಪ್ರಭುತ್ವ, ಮೂಲಭೂತ ಹಕ್ಕು ಅದರ ವಿರುದ್ಧ ನೇರವಾಗಿ ನಡೀತದೆ. 14ನೇ ವಿಧಿ, ಒಂದೇ ಓಣಿಯಲ್ಲಿ ಒಬ್ಬರಿಗೆ ನೀರು ಒಬ್ಬರಿಗೆ ಇಲ್ಲ ಅಂದ್ರೆ ಸಕಾರಣ ಬೇಕು. 15ನೇ ವಿಧಿ, ಹುಟ್ಟಿದ ಊರಿನ ಕಾರಣಕ್ಕೆ ಭೇದ ಮಾಡುವ ಹಾಗಿಲ್ಲ, ಸರ್ಕಾರಿ ದುಡ್ಡಲ್ಲಿ ನಡೆಯುವ ಬಾವಿ, ಕೆರೆಗಳ ಬಳಕೆ ಅದರಲ್ಲಿ ಹೆಸರು ಹೇಳಿಯೇ ಉಂಟು. 19ನೇ ವಿಧಿಯಲ್ಲಿ ಭಾರತದ ಯಾವ ಭಾಗದಲ್ಲೂ ಹೋಗಿ ನೆಲೆಸುವ ಹಕ್ಕು ಉಂಟು, ಹೊರಗಿನವರು ಅನ್ನುವ ಮಾತಿಗೆ ಇದೇ ಎದುರುತ್ತರ. 21ನೇ ವಿಧಿಯ ಜೀವಿಸುವ ಹಕ್ಕಲ್ಲಿ ಶುದ್ಧ ನೀರು ಸೇರ್ತದೆ ಅಂತ 1991ರ ಸುಭಾಷ್ ಕುಮಾರ್ ಕೇಸಿಂದ ಕೋರ್ಟ್‌ಗಳು ಹೇಳ್ತಾ ಬಂದಿವೆ. ಈ ನಾಲ್ಕರ ಹಿಂದೆ ಪೀಠಿಕೆಯ ಬಂಧುತ್ವ ಇಡಿ. ಆ ಶಬ್ದ ನೆಹರೂ 1946ರಲ್ಲಿ ಮಂಡಿಸಿದ ಧ್ಯೇಯ ನಿರ್ಣಯದಲ್ಲಿ ಇರಲಿಲ್ಲ, ಅಂಬೇಡ್ಕರರ ಕರಡು ಸಮಿತಿ ಸೇರಿಸಿದ್ದು, 1948ರ ಫೆಬ್ರವರಿಯಲ್ಲಿ, ಅಂದ್ರೆ ಗಾಂಧೀಜಿ ಹತ್ಯೆ ಆಗಿ ತಿಂಗಳು ಕೂಡ ಆಗದೆ ಇದ್ದಾಗ, ಅಂಬೇಡ್ಕರ್ ಬರೆದ ಪತ್ರದಲ್ಲಿ ಭಾರತಕ್ಕೆ ಸಹೋದರ ಭಾವ ಈಗ ಬೇಕಾದಷ್ಟು ಹಿಂದೆಂದೂ ಬೇಕಿರಲಿಲ್ಲ ಅನ್ನುವ ಅರ್ಥದ ಮಾತು ಉಂಟು. ನಿಮ್ಮ ವಕೀಲರಿಗೆ ಇದನ್ನು ಅರ್ಜಿಯಲ್ಲಿ ಬರೀಲಿಕ್ಕೆ ಹೇಳಿ, ಆದ್ರೆ ಮೊದಲ ಆಧಾರವಾಗಿ ಅಲ್ಲ, 14 ಮತ್ತೆ 15 ಬಂದ ಮೇಲೆ.

ಆದ್ರೆ ನಾಳೆಯೇ ಹೈಕೋರ್ಟಿಗೆ ಓಡ್ಬೇಡಿ ಮಾರಾಯ್ರೆ. ಬಾಯಿಮಾತಲ್ಲಿ ಹೇಳಿದ್ದನ್ನು ಕೋರ್ಟಲ್ಲಿ ತೋರಿಸುದು ಕಷ್ಟ, ಮನೆ ಮಾಲೀಕರ ಒಪ್ಪಿಗೆ ಇಲ್ಲ, ತೆರಿಗೆ ಬಾಕಿ ಉಂಟು ಅಂತ ಅವರು ಆಮೇಲೆ ಬೇರೆ ಕಾರಣ ಹೇಳ್ಬಹುದು. ಪ್ರತಿ ಮನೆಯಿಂದ ಲಿಖಿತ ಅರ್ಜಿ ಪಿಡಿಒಗೆ (ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ) ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಉತ್ತರ ಬಾರದಿದ್ರೆ ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ ನಮ್ಮ ಅರ್ಜಿ ಎಂತ ಆಯ್ತು, ಯಾವ ನಿಯಮದಲ್ಲಿ ನಿಲ್ಲಿಸಿದ್ದು ಅಂತ ಕೇಳಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಅದರ ಪ್ರತಿ ಇಟ್ಕೊಂಡು ತಾಲೂಕು ಪಂಚಾಯತ್ ಇಒ, ಜಿಲ್ಲಾ ಪಂಚಾಯತ್ ಸಿಇಒಗೆ ದೂರು ಕೊಡಿ, ಹೆಚ್ಚಿನ ಕೇಸ್ ಇಲ್ಲೇ ಮುಗೀತದೆ. ಮುಗೀದಿದ್ರೆ ಈ ಕಾಗದಗಳೇ ನೀವು ಹೈಕೋರ್ಟಿಗೆ ನೇರವಾಗಿ ಹಾಕುವ 226ನೇ ವಿಧಿಯ ರಿಟ್ ಅರ್ಜಿಯ ಬೆನ್ನೆಲುಬು. ಹೈಕೋರ್ಟ್ ಅಂದ್ರೆ ನಮಗೆ ಘಾಟಿ ಹತ್ತಿ ಬೆಂಗಳೂರೇ, ಧಾರವಾಡಕ್ಕೂ ಕಲಬುರಗಿಗೂ ಪೀಠ ಬಂತು, ಮಂಗಳೂರಿಗೆ ಬೇಕು ಅಂತ ಎಷ್ಟು ವರ್ಷದಿಂದ ಕೇಳಿದ್ರೂ ಆಗಲಿಲ್ಲ, ನೀರಿನ ಕನೆಕ್ಷನ್ ಬೇಕಾದವರು ಅಷ್ಟು ದೂರ ಹೋಗ್ಬೇಕು ಅನ್ನುದು ನನಗೆ ನಿಜವಾಗ್ಲೂ ನೋವಿನ ವಿಷಯ. ಖರ್ಚಿಗೆ ಹೆದರಿ ಬಿಡ್ಬೇಡಿ, ಉಡುಪಿ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ, ಉಳಿದವರಿಗೆ ಆದಾಯದ ಮಿತಿ ಒಳಗಿದ್ರೆ ವಕೀಲರನ್ನು ಉಚಿತವಾಗಿ ಕೊಡ್ತಾರೆ. ಆ ಮನೆಗಳಲ್ಲಿ ಯಾರಾದ್ರೂ ಹೆಂಗಸರ ಹೆಸರಲ್ಲಿ ಬಾಡಿಗೆ ಕರಾರು ಇದ್ರೆ ಅವರನ್ನೇ ಮೊದಲ ಅರ್ಜಿದಾರರಾಗಿ ಹಾಕಿ.